ವಕೀಲ ಕಾಕಾನ ಸಂಜೆಯ ಊಟ

ಹೋದ ತಿಂಗಳು ಇಚಲಕರಂಜಿಯಲ್ಲಿ ನಮ್ಮ ಪೈಕಿ ಒಂದು ಮದುವೆ. ಮಂಟಪದ ಹಿಂದಿನ ಅಂಗಳದಲ್ಲಿ ನಾವು ನಾಲ್ವರು ಕುರ್ಚಿ ಹಾಕಿಕೊಂಡು ಕೂತಿದ್ದೆವು: ನಾನು, ನನ್ನ ಹೆಂಡತಿ, ನನ್ನ ಮಾವಶಿಯ, ಅಂದರೆ ತಾಯಿಯ ಸೋದರಿಯ, ಮಗಳು ಸುಮತಿ, ಮತ್ತೆ ಮೈಸೂರು ಸೀಮೆಯಿಂದ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಬಿಸಿಲು ಇನ್ನೂ ಬೆನ್ನಿಗೆ ಹತ್ತುತ್ತಿರುವಾಗಲೇ ಅಡಿಗೆಯ ಮೇಲ್ವಿಚಾರಣೆಯವರು ಬಂದು, “ಏಳ್ರಿ, ರಾತ್ರಿ ಊಟಕ್ಕ ಏಳ್ರಿ” ಎಂದು ಕೂಗಿದರು. ಮೇಷ್ಟ್ರು ಗಡಿಯಾರ ನೋಡಿಕೊಂಡರು, ಆಕಾಶ ನೋಡಿದರು, ಕೊನೆಗೆ ದಿಕ್ಕು ತೋಚದೆ ನನ್ನ ಮುಖ ನೋಡಿದರು.

ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂದು ನಾನು ವಿವರಿಸಿದೆ. ದೀಪಕ್ಕೆ ಬರುವ ಹುಳ ತಾಟಿನಲ್ಲಿ ಬಿದ್ದು ಸತ್ತರೆ ಆ ಹಿಂಸೆ ಉಂಡವನ ಪಾಲಿಗೆ. ಇನ್ನೂ ಕಟ್ಟುನಿಟ್ಟಾದ ಮನೆಗಳಲ್ಲಿ ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆಗಳಿಗೂ ಹೊಸ್ತಿಲು ದಾಟುವ ಅಪ್ಪಣೆಯಿಲ್ಲ. “ಎಲ್ಲರೂ ಪಾಲಿಸ್ತಾರೆಯೇ?” ಎಂದು ಮೇಷ್ಟ್ರು ಕೇಳಿದರು.

“ಅವಗ ಕೇಳಬ್ಯಾಡ್ರಿ ಸರ, ನಮ್ಮಪ್ಪನ ಕತಿ ಸುರು ಮಾಡತಾನ” ಎಂದಳು ಸುಮತಿ. ನನ್ನ ಹೆಂಡತಿ ಅಷ್ಟರಲ್ಲಿ ಎದ್ದು ಪಂಕ್ತಿಯ ಕಡೆ ನಡೆದಿದ್ದಳು. ಈ ಕತೆಯನ್ನು ಎಷ್ಟು ಸಲ ಕೇಳಿದ್ದಾಳೆಂದರೆ, ನಾನು ಎಲ್ಲಿ ಉಪ್ಪು ಖಾರ ಹೆಚ್ಚು ಹಾಕುತ್ತೇನೆ ಎಂಬುದೂ ಆಕೆಗೆ ಗೊತ್ತು. ಮೇಷ್ಟ್ರು ಮಾತ್ರ ನನ್ನ ಪಕ್ಕದಲ್ಲೇ ಕೂತು, ಉಣ್ಣುತ್ತ ಪೂರ್ತಿ ಕೇಳಿದರು. ನೀವೂ ಕೇಳಿ.

ಸುಮತಿಯ ಅಪ್ಪ, ಅಂದರೆ ನನ್ನ ಚಂಪಾ ಮಾವಶಿಯ ಗಂಡ, ಗಡಹಿಂಗ್ಲಜದ ವಕೀಲರು. ಊರಿಗೆ ಅವರು ‘ಆದಗೊಂಡ ವಕೀಲರು’, ನನಗೆ ವಕೀಲ ಕಾಕಾ. ನಾನು ಇಂಗ್ಲಿಷ್ ಶಾಲೆ ಕಲಿಯಲು ಅವರ ಮನೆಯಲ್ಲಿ ಕೆಲವು ವರ್ಷ ಇದ್ದೆ. ಮುಖ್ಯ ಸಂಗತಿ ನಡೆದದ್ದು ಅದಕ್ಕೂ ಮೊದಲು, ಮೂವತ್ತರ ದಶಕದ ಕೊನೆಯಲ್ಲಿ. ನಾನು ಆಗ ತೊಟ್ಟಿಲಲ್ಲಿದ್ದೆ. ಆದ್ದರಿಂದ ನಾನು ಹೇಳುವುದರಲ್ಲಿ ಕಂಡದ್ದು ಕಡಿಮೆ, ಮಾವಶಿಯ ಬಾಯಿಂದ ಕೇಳಿದ್ದು ಹೆಚ್ಚು. ಆಕೆ ರೊಟ್ಟಿ ಬಡಿಯುತ್ತ ಹೇಳುವಳು. ಕತೆಯ ಬಿಗಿಯಾದ ಜಾಗದಲ್ಲಿ ಬಡಿತ ನಿಲ್ಲುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಆ ಮನೆಯಲ್ಲಿ ನಾನು ತಿಂದ ಸೀದ ರೊಟ್ಟಿಗಳಿಗೆಲ್ಲ ಇದೇ ಕಾರಣ.

ಮಾವಶಿಯ ತವರು ನಾಂದಣಿ. ಆಕೆಯ ಅಪ್ಪ, ಅಂದರೆ ನನ್ನ ತಾಯಿಯ ಅಪ್ಪನೂ ಆದ ಅಜ್ಜ, ಅಲ್ಲಿನ ಜೈನ ಮಠಕ್ಕೆ ನಡೆದುಕೊಳ್ಳುವ ಹಿರಿಯ. ಕೊಲ್ಲಾಪುರದಲ್ಲಿ ಕಾನೂನು ಓದಿ ಬಂದ ವರನಿಗೆ ಮಗಳನ್ನು ಕೊಡಲು ಅಜ್ಜನಿಗೆ ಒಂದೇ ಅಳುಕು: ಪಟ್ಟಣದಲ್ಲಿ ಓದಿದವನು ಏನು ತಿಂದಿದ್ದಾನೋ, ಯಾವ ಹೊತ್ತಿಗೆ ತಿಂದಿದ್ದಾನೋ. ಹಾಗಾಗಿ ಹುಡುಗ ಮಠಕ್ಕೆ ಬಂದು ಸ್ವಾಮಿಗಳ ಎದುರು ವ್ರತ ಹಿಡಿಯಬೇಕೆಂದರು. ರಾತ್ರಿ ಊಟ ಇಲ್ಲ, ಗಡ್ಡೆಗೆಣಸು ಇಲ್ಲ. ಕಾಕಾ ಹಿಡಿದರು. ಅವರು ಮಾವಶಿಯನ್ನು ಆಗಲೇ ಒಮ್ಮೆ ನೋಡಿ ಬಂದಿದ್ದರು. ಅನ್ನ ಬಿಡು ಎಂದಿದ್ದರೂ ಹೂಂ ಎನ್ನುತ್ತಿದ್ದರೇನೋ.

ಮನೆಯಲ್ಲಿ ವ್ರತಕ್ಕೆ ಕಾವಲು ಮಾವಶಿ. ಪಡುವಣ ಬೆಳಕಿಂಡಿಯಿಂದ ಬಿದ್ದ ಬಿಸಿಲು ಅಡಿಗೆಮನೆಯ ಗೋಡೆ ಹತ್ತಿ ತೊಲೆಗೆ ತಾಗಿತೆಂದರೆ, “ಏನ್ರಿ, ತಾಟ ಹಾಕೇನಿ” ಎಂದು ಕರೆಯುವಳು. ಸೋಪಾದಲ್ಲಿ, ಅಂದರೆ ಹೊರಪಡಸಾಲೆಯಲ್ಲಿ, ಕೇಸಿನ ಪಕ್ಷಗಾರರ ನಡುವೆ ಕೂತ ಕಾಕಾ ಅಲ್ಲಿಂದಲೇ, “ಇನ್ನೊಂದೀಟು ಮುದತ ಕೊಡ” ಎನ್ನುವರು. “ಸೂರ್ಯಾನ ಕೋರ್ಟಿನಾಗ ಮುದತ ಇಲ್ರಿ” ಎಂದು ಒಳಗಿನಿಂದ ಉತ್ತರ. ಪಕ್ಷಗಾರರು ನಗುವರು, ಕಾಕಾ ಏಳುವರು. ಕೋರ್ಟಿನಲ್ಲಿ ಅವರ ದನಿಗೆ ಕಿಟಕಿಯ ಗಾಜು ಅಲುಗುತ್ತಿತ್ತೆಂದು ಊರಿನವರು ಹೇಳುತ್ತಿದ್ದರು. ನಾನು ಕಂಡ ಕಾಕಾ ಮಾತ್ರ ಮಗಳ ಜಡೆ ಹೆಣೆಯಲು ಹೋಗಿ ಗಂಟು ಹಾಕಿಕೊಂಡು, ಹೆಂಡತಿಯನ್ನು ಮೆಲ್ಲಗೆ ಕರೆಯುವ ಮನುಷ್ಯ.

ಆದರೆ ತಿಂಗಳಲ್ಲಿ ಕೆಲವು ದಿನ ಕೆಲಸದ ಮೇಲೆ ಅವರು ಕೊಲ್ಲಾಪುರಕ್ಕೆ ಹೋಗಿ ವಸತಿ ಉಳಿಯುತ್ತಿದ್ದರು. ಅಲ್ಲಿ ತಾನೂಬಾಯಿ ಎಂಬಾಕೆಯ ಖಾನಾವಳಿ ಇತ್ತು. ಓದುವ ದಿನಗಳಿಂದ ಉಂಡ ರುಚಿ. ದೀಪ ಹಚ್ಚುವ ಹೊತ್ತಿಗೆ ಆಕೆ ಉಳ್ಳಾಗಡ್ಡಿಯ ಭಜಿ ಕರಿಯುವಳು, ಬಳ್ಳೊಳ್ಳಿ ಜಜ್ಜಿ ಹಾಕಿದ ಕಡಲೆಹಿಟ್ಟಿನ ಝುಣಕ, ಬಿಸಿ ಭಾಕರಿ ರೊಟ್ಟಿ. ಕಾಕಾ ವ್ರತವನ್ನು ಗಡಹಿಂಗ್ಲಜದಲ್ಲೇ ಬಿಟ್ಟು ಮೋಟಾರು ಹತ್ತುತ್ತಿದ್ದರು ಅನ್ನಿ. ಆದರೆ ನಾಂದಣಿಯ ಜನ ಕೊಲ್ಲಾಪುರದ ಪೇಟೆಗೆ ಸದಾ ಬರುವವರು. ಯಾರ ಕಣ್ಣಿಗಾದರೂ ಬಿದ್ದರೆ? ಅದಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಓಣಿಯ ತಿರುವಿನಲ್ಲಿ ತಲೆಗೆ ಸುತ್ತಿದ ಪಟಕಾ ತೆಗೆದು ಕೈಚೀಲದಲ್ಲಿ ಹಾಕಿ, ಕರಿ ಕೋಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬರಿತಲೆಯಲ್ಲಿ ಗೋಡೆಗೆ ಅಂಟಿಕೊಂಡು ನಡೆದು ಹಿಂಬಾಗಿಲಿನಿಂದ ಒಳಸೇರುವುದು. ಮರ್ಯಾದಸ್ಥ ಮನುಷ್ಯ ಪಟಕಾ ಇಲ್ಲದೆ ಬೀದಿಗೆ ಇಳಿಯದ ಕಾಲ ಅದು. ಬರಿತಲೆಯಲ್ಲಿ ಹೋಗುವವರು ವಕೀಲರಿರಬಹುದೆಂದು ಯಾರೂ ಎಣಿಸುವುದಿಲ್ಲ ಎಂಬುದು ಅವರ ಲೆಕ್ಕ.

ಈಗ ರಾಜಕಾರಣದ ಮಾತಿಗೆ ಬರಬೇಕು. ಕೊಲ್ಲಾಪುರ ಸಂಸ್ಥಾನದಲ್ಲಿ ಪ್ರಜೆಗಳಿಗೂ ದನಿ ಬೇಕೆಂಬ ಚಳವಳಿ ಆಗ ಹೊಗೆಯಾಡುತ್ತಿತ್ತು. ಇಚಲಕರಂಜಿಯ ಶಹಾಪುರದಲ್ಲಿ ಒಂದು ಮಗ್ಗದ ಶೆಡ್ಡಿನಲ್ಲಿ, ಮಗ್ಗಗಳ ಸದ್ದಿನ ಮರೆಯಲ್ಲಿ, ದರಬಾರಿನ ವಿರುದ್ಧದ ಕರಪತ್ರಗಳು ಅಚ್ಚಾಗುತ್ತಿದ್ದವು. ಜಾಗ ಗೊತ್ತಿದ್ದವರು ಬೆರಳೆಣಿಕೆಯವರು. ಚಳವಳಿಯ ಪರವಾಗಿ ಕಾನೂನಿನ ಕೆಲಸ ನೋಡುತ್ತಿದ್ದ ಕಾಕಾ ಅವರಲ್ಲೊಬ್ಬರು. ಒಂದು ಬೆಳಗ್ಗೆ ಪೊಲೀಸರು ನೆಟ್ಟಗೆ ಆ ಶೆಡ್ಡಿಗೇ ಬಂದು, ಅಚ್ಚಿನ ಯಂತ್ರವನ್ನೂ ನಾಲ್ವರು ನೇಕಾರರನ್ನೂ ಎತ್ತಿಕೊಂಡು ಹೋದರು. ಯಾರೋ ಚಾಡಿ ಹೇಳಿದ್ದಾರೆ. ಯಾರು?

ಹಿಂದಿನ ದಿನ ಸಂಜೆ ವಕೀಲರು ಕೊಲ್ಲಾಪುರದಲ್ಲಿ ದರಬಾರಿನ ದೊಡ್ಡ ಅಧಿಕಾರಿಯ ಬಂಗಲೆಯ ಓಣಿಯಲ್ಲಿ, ಬರಿತಲೆಯಲ್ಲಿ, ಕಳ್ಳನ ಹಾಗೆ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದುದನ್ನು ಕಂಡೆನೆಂದು ಚಳವಳಿಯ ಕಾರ್ಯಕರ್ತನೊಬ್ಬ ಹೇಳಿದ. ನಿಜವೇ ಹೇಳಿದ. ತಾನೂಬಾಯಿಯ ಖಾನಾವಳಿಯ ಹಿಂಬಾಗಿಲೂ ಆ ಬಂಗಲೆಯ ಗೇಟೂ ಒಂದೇ ಓಣಿಯಲ್ಲಿದ್ದವು.

ಗಡಹಿಂಗ್ಲಜ ಎಷ್ಟು ದೊಡ್ಡ ಊರು? ವಾರ ಕಳೆಯುವುದರೊಳಗೆ ಕೋರ್ಟಿನ ಕಟ್ಟೆಯಲ್ಲಿ ಕಾಕಾ ಬಂದರೆ ಮಾತು ನಿಲ್ಲುತ್ತಿತ್ತು. ಪಕ್ಷಗಾರರು ಬೇರೆ ವಕೀಲರ ಬಾಗಿಲು ಹಿಡಿದರು. ಯಾರೋ ಮನೆಯ ಗೋಡೆಗೆ ಸೆಗಣಿ ಎರಚಿದರು, ಮಾವಶಿ ತೊಳೆದಳು. ಎಲ್ಲಕ್ಕೂ ಮಿಗಿಲಾಗಿ, ಹಿಡಿದೊಯ್ದ ನೇಕಾರರ ಮೊಕದ್ದಮೆ ಇವರ ಕೈಯಿಂದ ಹೋಗುವುದರಲ್ಲಿತ್ತು. ಚಾಡಿಕೋರನ ಕೈಗೆ ಯಾರು ತಮ್ಮ ಜೀವ ಕೊಡುತ್ತಾರೆ? ಇಷ್ಟಾದರೂ ಕಾಕಾ ಬಾಯಿ ಬಿಡಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಚಳವಳಿಯ ಇಬ್ಬರು ಹಿರಿಯರು ಮನೆಗೇ ಬಂದರು. ಒಬ್ಬರು ಶಾಲೆಯಲ್ಲಿದ್ದ ಗುರೂಜಿ, ಇನ್ನೊಬ್ಬ ಶಹಾಪುರದ ನೇಕಾರ ಯಲ್ಲಪ್ಪ. ಅವನ ತಮ್ಮನೂ ಲಾಕಪ್ಪಿನಲ್ಲಿದ್ದ. ಅಳಿಯನ ಮೇಲೆ ಬಂದ ಮಾತು ಕೇಳಿ ಅಜ್ಜ ಅದೇ ದಿನ ನಾಂದಣಿಯಿಂದ ಬಂದು ಸೋಪಾದ ಜಮಖಾನೆಯ ಮೇಲೆ ಕೂತಿದ್ದರು.

“ಆವತ್ತ ಸಂಜೀಕ ಆ ಓಣ್ಯಾಗ ಇದ್ರಿ ಹೌದಿಲ್ರಿ ವಕೀಲ್ರ?” ಎಂದು ಯಲ್ಲಪ್ಪ ಕೇಳಿದ.

“ಇದ್ದೆ.”

“ಏನ್ ಕೆಲಸಿತ್ರಿ?”

“ಖಾಸಗಿ.”

“ಕೇಳಿದಷ್ಟಕ್ಕ ಜವಾಬ ಕೊಡ್ರಿ, ಮುಂದ ಮಾತಾಡಬ್ಯಾಡ್ರಿ ಅಂತ ಸಾಕ್ಷಿದಾರಗ ಕಲಿಸಿಕೊಡಾವ್ರು ನೀವು” ಎಂದ ಯಲ್ಲಪ್ಪ. “ಆ ಇದ್ಯಾ ನನ್ನ ಮುಂದ ಬ್ಯಾಡ್ರಿ. ನನ್ನ ತಮ್ಮ ಒಳಗ ಕುಂತಾನ.”

ಅಜ್ಜ ನಡುವೆ ಬಾಯಿ ಹಾಕಿದರು. “ನೋಡ್ರಿ, ಇದು ಹುಸಿ ಮಾತು. ನನ್ನ ಅಳ್ಯಾ ಸ್ವಾಮಿಗಳ ಮುಂದ ವ್ರತ ಹಿಡದಾಂವ. ಹೊತ್ತ ಮುಳಗೂದರಾಗ ಉಂಡ, ಬಿಡಾರದಾಗ ಕುಂದರಾಂವ. ದೀಪ ಹಚ್ಚೂ ಹೊತ್ತಿನಾಗ ಓಣಿ ಓಣಿ ಯಾಕ ತಿರಗ್ಯಾನು? ಒಂದ ಸಲ ಮಾತ ಕೊಟ್ರ ತಪ್ಪಾಂವ ಅಲ್ಲ ಅಂವ. ಅದನ್ನ ನೋಡೇ ಮಗಳನ್ನ ಕೊಟ್ಟೇನಿ.”

ಮಾವಶಿಯ ಕತೆ ಇಲ್ಲಿಗೆ ಬಂದಾಗ ಯಾವಾಗಲೂ ರೊಟ್ಟಿ ಸೀಯುತ್ತಿತ್ತು. ಅಜ್ಜ ಅಷ್ಟು ಹೆಮ್ಮೆಯಿಂದ ಹೇಳಿದ ಮೇಲೆ ಕಾಕಾ ಏನು ಹೇಳಿಯಾರು? ಚಾಡಿಕೋರ ಎನ್ನಿಸಿಕೊಂಡರೆ ಹೋಗುವುದು ತಮ್ಮ ಹೆಸರು, ತಮ್ಮ ವಕೀಲಿ. ನಿಜ ಹೇಳಿದರೆ ತವರಿನಲ್ಲಿ ಹೆಂಡತಿ ತಲೆ ತಗ್ಗಿಸಬೇಕು. ಅವರು ಪಟಕಾ ಸರಿಮಾಡಿಕೊಂಡು ನೆಲ ನೋಡುತ್ತ ಕೂತರಂತೆ. ಗುರೂಜಿ ನಿಟ್ಟುಸಿರು ಬಿಟ್ಟು, “ಹಂಗಾದ್ರ ಆ ಮೊಕದ್ದಮೆ ಬ್ಯಾರೆಯವ್ರಿಗೆ ಕೊಡತೇವ್ರಿ” ಎನ್ನುತ್ತ ಏಳಹೋದರು.

ಆಗ ಅಡಿಗೆಮನೆಯ ಬಾಗಿಲಿಗೆ ಮಾವಶಿ ಬಂದು ನಿಂತಳು. ಗಂಡಸರ ಕೂಟದಲ್ಲಿ ಆಕೆ ಅದುವರೆಗೆ ಮಾತಾಡಿದವಳಲ್ಲ.

“ಕುಂದರ್ರಿ ಗುರೂಜಿ. ಅವರು ಉಳ್ಳಾಗಡ್ಡಿ ಭಜಿ ತಿನ್ನಾಕ ಹೋಗಿದ್ರು.”

ಯಾರಿಗೂ ಅರ್ಥವಾಗಲಿಲ್ಲ.

“ಆ ಓಣ್ಯಾಗ ಖಾನಾವಳಿ ಐತಿ. ಹೊತ್ತ ಮುಳಗಿದ ಮ್ಯಾಲ ಅಲ್ಲಿ ಉಣತಾರ. ಪಟಕಾ ಚೀಲದಾಗ ಹಾಕ್ಕೊಂಡ ಹೋಗತಾರ, ನಮ್ಮಪ್ಪನ ಕಡೇ ಮಂದಿ ನೋಡಬಾರದಂತ. ಬಂಗಲೇಕ ಹೋದಾವ್ರಲ್ಲ.”

“ನಿನಗ ಹೆಂಗ ಗೊತ್ತವ್ವಾ?” ಗುರೂಜಿ ಕೇಳಿದರು.

“ಓದೂ ದಿನದಾಗ ಉಂಡ ಖಾನಾವಳಿ ಅಂತ ಅವರ ಹೇಳಿದ್ರು. ಪಟಕಾ ಒಗಿಯಾಕಿ ನಾನು. ಕೊಲ್ಲಾಪುರದಿಂದ ಬಂದಾಗೊಮ್ಮೆ ಅದಕ್ಕ ಚೀಲದಾಗಿನ ಮಡಕಿ ಬಿದ್ದಿರತೈತಿ, ಒಗ್ಗರಣಿ ವಾಸನಿ ಬರತೈತಿ. ಲವಂಗ ಅಗಿಕೋತ ಬರತಾರ. ಬಾಯಿಗೆ ಲವಂಗ ಸಾಕು, ಪಟಕಾಕ್ಕ ಏನ್ ಹಾಕತಾರ?”

ಮೊದಲು ನಕ್ಕವನು ಯಲ್ಲಪ್ಪ. ತಮ್ಮ ಲಾಕಪ್ಪಿನಲ್ಲಿದ್ದವನು, ತಡೆಯಲಾರದೆ ಕಣ್ಣೊರೆಸಿಕೊಂಡು ನಕ್ಕನಂತೆ. ಗುರೂಜಿಗೆ ಮಾತ್ರ ಪರೀಕ್ಷೆ ಮಾಡದೆ ಮಾರ್ಕು ಕೊಡುವ ರೂಢಿ ಇರಲಿಲ್ಲ. ಮರುದಿನವೇ ಕೊಲ್ಲಾಪುರಕ್ಕೆ ಹೋಗಿ ತಾನೂಬಾಯಿಯನ್ನು ವಿಚಾರಿಸಿದರು. “ಪಟಕಾ ಪಿಶವೀತ ಘಾಲೂನ ಯೇತಾತ ತೇ?” ಎಂದಳಂತೆ ಆಕೆ, ಪಟಕಾ ಚೀಲದಲ್ಲಿ ಹಾಕಿಕೊಂಡು ಬರುವವರಲ್ಲವೇ ಎಂದು. ಆ ಸಂಜೆ ದೀಪ ಹಚ್ಚಿದಾಗ ಬಂದು ಕೂತವರು ಅವಳು ಬಾಗಿಲು ಮುಚ್ಚುವವರೆಗೂ ಅಲ್ಲೇ ಹರಟೆ ಹೊಡೆಯುತ್ತ ಕೂತಿದ್ದರು ಎಂದೂ ಹೇಳಿದಳು. ಮೊಕದ್ದಮೆ ಕಾಕಾನ ಕೈಯಲ್ಲೇ ಉಳಿಯಿತು. ನಾಲ್ವರನ್ನೂ ಅವರು ಬಿಡಿಸಿ ತಂದರು. ಚಾಡಿ ಹೇಳಿದ್ದು ಯಾರೆಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ.

ಆದರೆ ಆ ಮಧ್ಯಾಹ್ನ ಎಲ್ಲರೂ ನಗಲಿಲ್ಲ. ಅಜ್ಜ ಎದ್ದರು. ಅಡಿಗೆ ಆಗಿತ್ತು, ಹೊತ್ತೂ ಇನ್ನೂ ಇತ್ತು. “ಅಪ್ಪಾ, ಉಂಡು ಹೋಗು” ಎಂದು ಮಾವಶಿ ಅಂದಳು. ಅಜ್ಜ ಬೈಯಲಿಲ್ಲ. ಅಳಿಯನ ಕಡೆ ನೋಡಲೂ ಇಲ್ಲ. “ಇಲ್ಲವ್ವಾ, ಹೋಗತೇನಿ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು. ಅಂದಿನಿಂದ ವರ್ಷಗಟ್ಟಲೆ ಆ ಮನೆಯಲ್ಲಿ ಅವರು ನೀರು ಕೂಡ ಮುಟ್ಟಲಿಲ್ಲ. ಮಗಳು ನಾಂದಣಿಗೆ ಹೋದರೆ ಮೊದಲಿನ ಹಾಗೇ ಅಕ್ಕರೆ, ತಲೆ ಸವರುವುದು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು. ಗಡಹಿಂಗ್ಲಜಕ್ಕೆ ಊಟಕ್ಕೆ ಬಾ ಎಂದರೆ ಮಾತು ಬೇರೆ ಕಡೆ ತಿರುಗುತ್ತಿತ್ತು.

ಆ ದಿನ ಎಲ್ಲರೂ ಹೋದ ಮೇಲೆ ಕಾಕಾ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂತರಂತೆ.

“ಯಾವಾಗಿಂದ ಗೊತ್ತಿತ್ತ ನಿನಗ?”

“ಸುಮತಿ ಹುಟ್ಟೂಕಿಂತ ಮೊದಲಿಂದ.”

“ಮತ್ತ ಒಂದ ಸಲನೂ ಕೇಳಲಿಲ್ಲಲ್ಲ?”

“ಕೇಳಿದ್ರ ನೀವು ಸುಳ್ಳ ಹೇಳಬೇಕಾಗತಿತ್ತು. ಅದೊಂದು ರೂಢಿ ಮನ್ಯಾಗ ಯಾಕ ಅಂತ ಸುಮ್ಮನಿದ್ದೆ.”

“ನಿಮ್ಮಪ್ಪನ ಮುಂದ ಹೇಳಿಬಿಟ್ಟೆಲ್ಲ ಚಂಪಾ. ನಾ ಸುಮ್ಮ ಕುಂತದ್ದ ನಿನ್ನ ಸಲುವಾಗಿ.”

“ಅದಕ್ಕ ನಾ ಹೇಳಬೇಕಾತು.” ಮಾವಶಿ ಒಲೆಯ ಕೊಳ್ಳಿ ಹಿಂದೆ ಸರಿಸಿ ಅಂದಳಂತೆ: “ಇನ್ನ ಮ್ಯಾಲ ತಿನ್ನೂದಿದ್ರ ಪಟಕಾ ಸುತಗೊಂಡ ತಿನ್ರಿ.”

ಕಾಕಾ ಹಾಗೇ ಮಾಡಿದರು. ಕೊಲ್ಲಾಪುರದಲ್ಲಿ ಮುಂಬಾಗಿಲಿನಿಂದ ಖಾನಾವಳಿಗೆ ಹೋಗಿ ಉಂಡರು. ಮನೆಯಲ್ಲಿ ಬಿಸಿಲು ತೊಲೆಗೆ ತಾಗುವುದರೊಳಗೆ ಉಂಡರು. ಮಾವಶಿ ತನ್ನ ವ್ರತ ಬಿಡಲಿಲ್ಲ, ಅವರಿಗೆ ಒಂದು ಮಾತೂ ಅನ್ನಲಿಲ್ಲ. ಅವರಿಬ್ಬರ ಸಂಸಾರವನ್ನು ಹತ್ತಿರದಿಂದ ಕಂಡ ನಾನು, ನನ್ನ ಹೆಂಡತಿಯ ಎದುರು ಹೀಗೆ ಇರಬೇಕೆಂದು ಎಷ್ಟೋ ಸಲ ನಿಶ್ಚಯ ಮಾಡಿದ್ದೇನೆ. ಆಕೆಯನ್ನು ಕೇಳಿದರೆ ಫಲಿತಾಂಶ ಹೇಳಿಯಾಳು.

ನಲವತ್ತೆರಡರ ಗದ್ದಲದಲ್ಲಿ ಕಾಕಾನನ್ನು ಹಿಡಿದು ಜೈಲಿಗೆ ಹಾಕಿದರು. ಸುದ್ದಿ ನಾಂದಣಿಗೆ ಮುಟ್ಟಿದ ಮರುದಿನ ಸಂಜೆಯ ಮುಂದೆ ಅಜ್ಜ ಗಡಹಿಂಗ್ಲಜದ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಕೂತರು. ಬಂದವರಿಗೆ ಕೊಡುವ ನೀರನ್ನು ಮಾವಶಿ ತರಲಿಲ್ಲ, ಅವರು ಕುಡಿಯುವುದಿಲ್ಲವೆಂದು ಗೊತ್ತಿತ್ತಲ್ಲ.

“ಜೇಲಿನ್ಯಾಗ ಊಟ ಎಷ್ಟೊತ್ತಿಗೆ ಹಾಕತಾರವ್ವಾ?” ಎಂದು ಅಜ್ಜ ಕೇಳಿದರು.

“ಐದಕ್ಕ ಹಾಕಿ, ಹೊತ್ತ ಮುಳಗೂದರಾಗ ಒಳಗ ದೂಡಿ ಕೀಲಿ ಹಾಕತಾರಂತ.”

“ಉಳ್ಳಾಗಡ್ಡಿ?”

“ಬ್ಯಾಳಿ ಕಾಣೂದ ಕಷ್ಟಂತಪ್ಪಾ, ಬರೀ ನೀರಂತ. ಉಳ್ಳಾಗಡ್ಡಿ ಯಾರ ಹಾಕ್ಯಾರು.”

ಅಜ್ಜ ಮೀಸೆಯ ಮೇಲೆ ಕೈಯಾಡಿಸಿದರು. ಹೊರಗೆ ಬೆಳಕು ಇನ್ನೂ ಇತ್ತು.

“ಅಂವ ಉಂಡಿರಬೇಕ ಈಗ” ಎಂದರು. “ನನಗೂ ಒಂದ ತಾಟ ಹಾಕು.”

ಮಾವಶಿ ತಾಟು ಹಾಕಿದಳು. ಅಜ್ಜ ಅಲ್ಲೇ ಅಡಿಗೆಮನೆಯಲ್ಲಿ, ಅಳಿಯ ಕೂರುವ ಮಣೆಯ ಮೇಲೆ ಕೂತು ಉಂಡರು.