ಏಳಲಾಗದವರ ಅರ್ಜಿ

ಗೆಳೆಯರೇ, ಬೈಲಹೊಂಗಲದ ಈ ಚಳಿಗೆ ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಎನರ್ಜಿ ಇಲ್ಲ, ಎಚ್ಚರವೇ ಆಗುವುದಿಲ್ಲ. ನಮಗೆ ಬೇಗ ಏಳಲು ಆಗುವುದಿಲ್ಲ, ಬೆಳಗಿನ ಏಳರ ಕ್ಲಾಸನ್ನು ಎಂಟಕ್ಕೆ ಮಾಡಿ ಎಂಬ ಅರ್ಜಿಗೆ ಇಪ್ಪತ್ತು ಮಂದಿ ಸಹಿ ಹಾಕಿದ್ದೆವು. ಇವತ್ತು ಆರೂವರೆಗೆ ಎಲ್ಲರೂ ಪ್ರಿನ್ಸಿಪಾಲರ ಮನೆ ಮುಂದೆ ಸೇರಬೇಕಿತ್ತು. ಏಳರ ಕ್ಲಾಸು ತಪ್ಪುತ್ತಲೇ ಹೋದರೆ ಹಾಜರಿ ಸಾಲದೆ ಪರೀಕ್ಷೆ ತಪ್ಪೀತೆಂಬ ಹೆದರಿಕೆಯಲ್ಲಿ ನಾನು ಆರಕ್ಕೇ ಹೋಗಿ ನಿಂತೆ. ಬೇರೆ ಯಾರೂ ಬರಲಿಲ್ಲ.

ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದ ಪ್ರಿನ್ಸಿಪಾಲರು ಅರ್ಜಿ ಓದಿದರು.

"ಉಳಿದವ್ರು ಎಲ್ಲಿ ಅದಾರೋ ತಮ್ಮಾ?"

"ಮಲಗ್ಯಾರ್ರೀ ಸರ್."

"ಹಂಗಾರ ಅವ್ರು ಹೇಳಿದ್ದು ಖರೇ ಐತಿ. ನಿಂದೊಂದ ಸುಳ್ಳ."

"ಸಾರಿ ಸರ್..."

"ಅವ್ರಿಗೆ ನಾಳಿಂದ ಎಂಟಕ್ಕ ಪಾಠ. ನೀ ಮಾತ್ರ ಏಳಕ್ಕ ಬಾ, ಬೆಂಚ ಒರಸು."

ಗೆದ್ದ ಸುದ್ದಿ ಹೇಳಲು ಹಾಸ್ಟೆಲಿಗೆ ಓಡಿಬಂದೆ. ಕೇಳಲು ಒಬ್ಬನೂ ಎದ್ದಿರಲಿಲ್ಲ.