ಓವೀಡ್ ಕೂರಿಸಿದ ಕಾರಿನ ಡಿಸ್ಟ್ರಿಬ್ಯೂಟರ್

ಲಾಫೂರ್ಶ್ ಕಾಲುವೆಯ ದಂಡೆಯಲ್ಲಿ ದೋಣಿ ಎಂಜಿನ್ ಕೆಟ್ಟರೆ ಸಿಗಡಿ ಹಿಡಿಯುವ ನಾವೆಲ್ಲರೂ ಓವೀಡ್ ನಾಕ್ಯಾಂ ಹತ್ತಿರ ಹೋಗುತ್ತಿದ್ದೆವು. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಯಾರಾದರೂ ಕಾರಿನ ಬಿಡಿಭಾಗದ ಅಂಗಡಿಯಿಂದ, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಂದು, "ಇದನ್ನೇ ಕೂರಿಸು, ಎಲ್ಲಾ ಒಂದೇ ತಾನೆ?" ಅಂದರೆ, "ಹಾಗಾದ್ರೆ ದೋಣೀನ ರಸ್ತೇಲಿ ಓಡಿಸ್ಕೋ ಹೋಗು" ಅಂತ ಅಟ್ಟುತ್ತಿದ್ದ. ಎರಡರೊಳಗೂ ಕಿಡಿ ಹಾರುತ್ತದೆ. ದೋಣಿಯದರ ಗಾಳಿಕಂಡಿಗೆ ಸಣ್ಣ ಜಾಲರಿ ಇರುತ್ತದೆ, ಬೆಂಕಿ ಹೊರಗೆ ಬರುವುದಿಲ್ಲ. ಕಾರಿಗೆ ಅದು ಬೇಕಿಲ್ಲ. ಅಲ್ಲಿ ಸೋರಿದ ಪೆಟ್ರೋಲಿನ ಆವಿ ಗಾಳಿಗೆ ಹೋಗುತ್ತದೆ. ದೋಣಿಯಲ್ಲಿ ತಳಕ್ಕಿಳಿದು ಕೂರುತ್ತದೆ, ಒಂದು ಕಿಡಿ ತಾಗಿದರೆ ಸಾಕು.

ಎಪ್ಪತ್ತೆಂಟರಲ್ಲಿ, ಸಿಗಡಿ ಹಂಗಾಮಿಗೆ ಎರಡು ದಿನ ಇರುವಾಗ, ಅವನ ತಂಗಿ ಎಲ್ಮೀರಳ ಗಂಡ ಕ್ಲೆಬೆರ್‌ನ ಡಿಸ್ಟ್ರಿಬ್ಯೂಟರ್ ಒಡೆಯಿತು. ದೋಣಿಯದು ಬರಲು ಹತ್ತು ದಿನ.

"ಭಾವ, ಮೊದಲ ವಾರ ತಪ್ಪಿದ್ರೆ ನಿನ್ ತಂಗಿ ಏನು ಬೇಯಿಸ್ಬೇಕು? ನಿನ್ ಉಪದೇಶಾನಾ?"

ಓವೀಡ್ ಮೊದಲ ಸಲ ಬಗ್ಗಿದ. ಕಾರಿನದನ್ನೇ ಕೂರಿಸಿದ. "ಹತ್ತೇ ದಿನ. ಎಂಜಿನ್ ಮುಚ್ಚಳ ತೆಗೆದು ಮೂಸಿ ನೋಡ್ದೆ ಕೀಲಿ ಮುಟ್ಬೇಡ."

ಹೊಸದು ಬಂತು. ಕ್ಲೆಬೆರ್ ಹಾಕಿಸಿಕೊಳ್ಳಲು ಬರಲಿಲ್ಲ. ಓವೀಡ್ ಮೂರು ಸಲ ಅದರ ಡಬ್ಬಿ ಹಿಡಿದು, ದೋಣಿ ಕಟ್ಟುವ ದಕ್ಕೆಗೆ ಹೋದ. ಮೂರನೆಯ ಸಲ ಕ್ಲೆಬೆರ್ ಎಲ್ಲರೆದುರು, "ಬಂದ್ರಪ್ಪಾ ನಮ್ಮ ಪಾದ್ರಿಗಳು! ಟೋಪಿ ತೆಗೀರೋ!" ಅಂದ. ನಾವೆಲ್ಲ ನಕ್ಕೆವು. ಓವೀಡ್ ಮತ್ತೆ ಹೋಗಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕ್ಲೆಬೆರ್ ಪೆಟ್ರೋಲ್ ತುಂಬಿಸಿದ. ಬಿರಿದ ಪೈಪಿನಿಂದ ಅದು ದೋಣಿಯ ತಳಕ್ಕೆ ಸೋರಿತ್ತು. ಅವನು ಮೂಸಿ ನೋಡಲಿಲ್ಲ, ಕೀಲಿ ತಿರುಗಿಸಿದ. ದೋಣಿ ಸಿಡಿದು ಹಲಗೆಗಳು ಆಚೆ ದಡಕ್ಕೆ ಹೋಗಿ ಬಿದ್ದವು. ಒಂಬತ್ತು ದಿನ ಆಸ್ಪತ್ರೆಯಲ್ಲಿ ನರಳಿ ಸತ್ತ.

ವಿಚಾರಣೆಗೆ ಬಂದ ಅಧಿಕಾರಿ ಪೈಪಿನದೇ ತಪ್ಪು ಎಂದು ಬರೆದು ಮುಗಿಸುವುದರಲ್ಲಿದ್ದ. ಓವೀಡ್ ಕರಕಲಾದ ಡಿಸ್ಟ್ರಿಬ್ಯೂಟರನ್ನು ತಾನೇ ಹುಡುಕಿ ತಂದು ಅವನ ಮೇಜಿನ ಮೇಲಿಟ್ಟ. "ಇದು ಕಾರಿಂದು. ಕೂರಿಸಿದ್ದು ನಾನು."

ಎಲ್ಮೀರ್ ಅವನನ್ನು ಬಾಗಿಲಲ್ಲೇ ತಡೆದಳು. "ಹೇಳಿ ಹಗುರ ಆಯ್ತಾ ಅಣ್ಣ? ಅವನು ನಕ್ರೂ ಪರವಾಗಿಲ್ಲ ಅಂತ ನಾಲ್ಕನೇ ಸಲ ಹೋಗ್ಬೇಕಿತ್ತು. ನಿಂಗೆ ನಿನ್ನ ಮಾನ ದೊಡ್ಡದಾಯ್ತು."



ಆಮೇಲೆ ಒಂದು ತಿಂಗಳು ಇನ್ಸ್‌ಪೆಕ್ಟರುಗಳು ಎಲ್ಲರ ದೋಣಿಯ ಮುಚ್ಚಳ ಎತ್ತಿ ನೋಡಿದರು. ಕಾರಿನದು ಸಿಕ್ಕ ಏಳು ಜನರ ದೋಣಿಗಳನ್ನು ಹಂಗಾಮಿನ ನಡುವೆಯೇ ದಡಕ್ಕೆ ಕಟ್ಟಿಸಿದರು. ಕ್ಲೆಬೆರ್ ಸತ್ತದ್ದಕ್ಕೆ ಜನ ಓವೀಡನನ್ನು ದೂರ ಮಾಡಿದರು ಅಂದುಕೊಳ್ಳಬೇಡಿ. ಅಧಿಕಾರಿಯ ಮುಂದೆ ಬಾಯಿ ಬಿಟ್ಟದ್ದಕ್ಕೆ ದೂರ ಮಾಡಿದರು. ಅವನ ಹತ್ತಿರ ದೋಣಿ ತರುವವರೇ ಇಲ್ಲವಾದರು. ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದ, ಅಲ್ಲೇ ಮುದುಕನಾದ.

ಕ್ಲೆಬೆರ್ ಸತ್ತ ಮರುವರ್ಷ ನನ್ನ ದೋಣಿಯ ಡಿಸ್ಟ್ರಿಬ್ಯೂಟರ್ ಕೆಟ್ಟಿತು. ನಾನು ಕಾರಿನ ಅಂಗಡಿಗೇ ಹೋದೆ. ನನಗಿಂತ ಮುಂದೆ ನಮ್ಮ ದಕ್ಕೆಯವರೇ ಇಬ್ಬರು ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.