ಗಾಜ್ ಗಂಟಿಗೆ ಹಾಕಿದ ಕೊಸರು

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಆದರೂ ಸೇಡಂನ ಒಂದು ಸಣ್ಣ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ದುಡಿದೆ. ಕತ್ತರಿ ಚಿಮಟ ಕುದಿಸುವುದು, ರೋಗಿಯನ್ನು ಮೇಜಿನ ಮೇಲೆ ಸರಿಯಾಗಿ ಮಲಗಿಸುವುದು, ರಕ್ತ ಒರೆಸುವ ಗಾಜ್ ಬಟ್ಟೆಯನ್ನು ಮಡಚಿ ಹತ್ತು ಹತ್ತರ ಗಂಟು ಕಟ್ಟುವುದು ನನ್ನ ಕೆಲಸ. ಹೊಸ ನರ್ಸುಗಳಿಗೆ ಇದನ್ನೆಲ್ಲ ಕಲಿಸುವವನೂ ನಾನೇ. ಡಾಕ್ಟರು ಹೊಟ್ಟೆ ಕೊಯ್ಯುವವರು, ಥಿಯೇಟರ್ ನಡೆಸುವವನು ನಾನು ಎಂದು ನನ್ನ ತಿಳಿವಳಿಕೆ.

ನಾನು ನಿವೃತ್ತನಾಗುವ ಹಿಂದಿನ ವರ್ಷ ಚಿಮ್ಮನಚೋಡದ ಹುಡುಗಿಯೊಬ್ಬಳು ಕಲಬುರಗಿಯಲ್ಲಿ ನರ್ಸಿಂಗ್ ಕೋರ್ಸು ಮುಗಿಸಿ ಬಂದಳು. ಗಂಟು ಬಿಚ್ಚಿದ ಕೂಡಲೆ ಒಂದೊಂದೇ ಗಾಜ್ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ಎಣಿಸುವುದು ಅವಳ ಪದ್ಧತಿ. ನನಗೆ ನಗು.

"ತೊಗರಿ ಕಾಳು ಆರಿಸ್ಲಿಕತ್ತೀ ಏನವ್ವಾ?" ಎಂದೆ.

"ಕಾಳಾದ್ರ ಹೊಟ್ಯಾಗ ಕರಗ್ತದ ಕಾಕಾ. ಇದು ಕರಗಂಗಿಲ್ಲ," ಎಂದಳು, ತಲೆ ಎತ್ತದೆ.

ಈಗ ನನ್ನ ತಪ್ಪು ಹೇಳಬೇಕು. ನಮ್ಮೂರು ಆಡಕಿಯಲ್ಲಿ ನಮ್ಮಪ್ಪ ಜೋಳ ಅಳೆದು ಕೊಟ್ಟ ಮೇಲೆ ಒಂದು ಬೊಗಸೆ ಕೊಸರು ಹಾಕದೆ ಯಾರನ್ನೂ ಕಳಿಸಿದವನಲ್ಲ. ಬರೀ ಅಳತೆಗೆ ಕೊಡುವವನು ಜಿಪುಣ ಎಂದು ಕಲಿತು ಬೆಳೆದ ಕೈ ನನ್ನದು. ಬಟ್ಟೆ ಮಿಕ್ಕರೆ ಗಾಜ್ ಗಂಟಿಗೂ ಹನ್ನೊಂದನೆಯದನ್ನು ಹಾಕಿಬಿಡುತ್ತಿದ್ದೆ. ಧಾರಾಳತನ ಎಂದುಕೊಂಡಿದ್ದೆ.

ಒಂದು ದಿನ ಚಿತ್ತಾಪುರದ ಹೆಣ್ಣುಮಗಳೊಬ್ಬಳಿಗೆ ಗರ್ಭಕೋಶದ ಆಪರೇಷನ್. ಡಾಕ್ಟರು ಒಳಗೆ ಬರುವ ಮೊದಲು ಗಂಟು ಬಿಚ್ಚಿದ ಹುಡುಗಿ ಹನ್ನೊಂದಿವೆ ಎಂದಳು. ಕಟ್ಟಿದವನು ನಾನು, ಹತ್ತೇ ಇರುತ್ತವೆ ಎಂದೆ. ಗೋಡೆಯ ಹಲಗೆಯ ಮೇಲೆ ಹತ್ತು ಎಂದೇ ಬರೆದೆ. ಕೋರ್ಸಿನವರಿಗೆ ಲೆಕ್ಕ ಬರುವುದಿಲ್ಲ ಎಂದು ಡಾಕ್ಟರು ಬಂದಾಗ ಅವರ ಮುಂದೆ ಚುಚ್ಚಿದ್ದೂ ಆಯಿತು. ಡಾಕ್ಟರು ನಕ್ಕರು.

ಕೊನೆಗೆ ಬಳಸಿದ ಗಾಜ್ ಬಟ್ಟೆಗಳನ್ನು ಎಣಿಸಿದರೆ ಹೊರಗೆ ಹತ್ತು. ಹಲಗೆಯ ಮೇಲೂ ಹತ್ತು. ಡಾಕ್ಟರು ಹೊಲಿಯಲು ಸೂಜಿ ಕೇಳಿದರು. ಅವಳು ಕೊಡಲಿಲ್ಲ.

"ಒಂದು ಒಳಗದ ಸರ್."

ನಾನು ಹಲಗೆ ತೋರಿಸಿದೆ. ಅವಳು ಅದನ್ನು ನೋಡಲೂ ಇಲ್ಲ. ಸೂಜಿ ಹಿಡಿದ ಕೈ ಮುಂದೆ ಬರಲಿಲ್ಲ. ಡಾಕ್ಟರು ಬೇಸರದಿಂದಲೇ ಮತ್ತೊಮ್ಮೆ ಹುಡುಕಿದರು. ಕರುಳಿನ ಹಿಂದಿನಿಂದ ರಕ್ತದಲ್ಲಿ ತೊಯ್ದ ಒಂದು ಗಾಜ್ ಬಂತು.

ಗಂಟು ಕಟ್ಟಿದವರು ಯಾರು ಎಂದು ಡಾಕ್ಟರು ಗುಡುಗಿದರು. ನನ್ನ ಬಾಯಿ ನನಗಿಂತ ಮೊದಲೇ ಹೇಳಿಬಿಟ್ಟಿತು: ಈಕೀನೇ, ಕಲೀಲಿಕತ್ತಾಳ. ಒಂದು ಜೀವ ಉಳಿಸಿದವಳನ್ನು ಅದೇ ದಿನ ಥಿಯೇಟರಿನಿಂದ ತೆಗೆದು ವಾರ್ಡಿಗೆ ಹಾಕಿದರು. ಅವಳು ಕೈ ತೊಳೆದು ವಾರ್ಡಿನ ಕಡೆ ನಡೆದಳು.

ಹದಿನೈದು ದಿನ ತಡೆದೆ. ಅನ್ನ ಸೇರಲಿಲ್ಲ. ಡಾಕ್ಟರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ನನ್ನನ್ನು ಬೈದು, ಅವಳನ್ನು ಥಿಯೇಟರಿಗೆ ಕರೆಸಿ, ಗಂಟು ಕಟ್ಟುವ ಕೆಲಸವನ್ನು ಅವಳ ಕೈ ಕೆಳಗೆ ಕಲಿಯುವಂತೆ ನನಗೇ ಹೇಳಿದರು. ಐವತ್ತೊಂಬತ್ತರ ವಯಸ್ಸಿನಲ್ಲಿ ಸ್ಟೂಲಿನ ಮೇಲೆ ಕೂತು ಒಂದರಿಂದ ಹತ್ತು ಒಪ್ಪಿಸಿದೆ.

ಎಲ್ಲ ಮುಗಿಯಿತು ಎಂದುಕೊಂಡು, ಚಹಾ ತರಿಸಲೇ ಎಂದು ಕೇಳಿದೆ. ಅವಳು ಗಂಟಿನ ದಾರ ಬಿಗಿಯುತ್ತಿದ್ದಳು.

"ಡಾಕ್ಟರಿಗಿ ಹೇಳಿದ್ರಿ, ಚಲೋ ಆತು. ನನಗ ಯಾವಾಗ ಹೇಳ್ತೀರಿ?"

ಅಷ್ಟು ದಿನ ಎಲ್ಲರ ಮುಂದೆ ಕುಹಕವಾಡಿದ ನಾನು ಸ್ಟೂಲಿನಿಂದ ಎದ್ದು ನಿಂತೆ. ಸುಳ್ಳು ಹೇಳಿದೆ ತಾಯಿ, ತಪ್ಪಾಯಿತು ಎಂದೆ. ಅವಳು ದಾರ ಬಿಗಿದು ಗಂಟನ್ನು ಪಕ್ಕಕ್ಕಿಟ್ಟಳು. ಆಮೇಲೆ ಚಹಾಕ್ಕೆ ಸಕ್ಕರೆ ಕಡಿಮೆ ಇರಲಿ ಎಂದಳು.